ನಡುಮನೆಯ ವಾಟ

"ಬುದ್ಧಿ, ಕೋಣೆಯೊಳಗೆ ಕೂತರೆ ನನ್ನ ಮನಸ್ಸು ನಿಲ್ಲುತ್ತದೆ. ಬಾಗಿಲು ದಾಟಿ ಹೊರಗೆ ಬಂದರೆ ನಿಲ್ಲುವುದಿಲ್ಲ. ಯಾಕೆ?"

ಹೀಗೆ ಕೇಳಿದವನು ಚೆನ್ನವೀರ. ಮಠಕ್ಕೆ ಬಂದು ಸೇರಿದ ಶಿಷ್ಯರಲ್ಲಿ ಅವನಷ್ಟು ಹೊತ್ತು ಅಲುಗಾಡದೆ ಕೂರುವವನು ಇನ್ನೊಬ್ಬನಿರಲಿಲ್ಲ. ಅದು ಅವನಿಗೂ ಗೊತ್ತಿತ್ತು. ಆದರೆ ಅವತ್ತು ಬೆಳಿಗ್ಗೆ ಅವಾಂತರವಾಗಿಹೋಗಿತ್ತು. ಅಂಗಳದಲ್ಲಿ ಎಲ್ಲರೂ ಕೂತು ಅವರೆಕಾಯಿ ಸುಲಿಯುತ್ತಿದ್ದಾಗ ಯಾರೋ, "ಚೆನ್ನವೀರ ಧ್ಯಾನದಲ್ಲಿ ಗೊರಕೆ ಹೊಡೀತಾನಂತೆ" ಎಂದು ತಮಾಷೆ ಮಾಡಿದರು. ಚೆನ್ನವೀರ ಬುಟ್ಟಿಯನ್ನು ಒದ್ದುಬಿಟ್ಟ. ಅವರೆಕಾಯಿ ಅಂಗಳದ ತುಂಬ ಚೆಲ್ಲಾಪಿಲ್ಲಿಯಾಯಿತು. ಈಗ ನಾಚಿಕೆಯಿಂದ ಮುಖ ಕೆಂಪಗೆ ಮಾಡಿಕೊಂಡು ಗುರುಗಳ ಮುಂದೆ ನಿಂತಿದ್ದ.

"ನನ್ನ ಅಭ್ಯಾಸ ಸಾಲದು ಬುದ್ಧಿ. ಸಂಕ್ರಾಂತಿಗೆ ಮಠದ ತುಂಬ ಜನ ಬರುತ್ತಾರೆ. ಅಪ್ಪಣೆ ಕೊಟ್ಟರೆ ಅಲ್ಲಿಯವರೆಗೂ ಬಾಗಿಲು ಹಾಕಿಕೊಂಡು ಇನ್ನೂ ಗಟ್ಟಿಯಾಗಿ ಕೂರುತ್ತೇನೆ. ಊಟ ಬಾಗಿಲ ಹತ್ತಿರ ಇಟ್ಟುಹೋದರೆ ಸಾಕು."

"ಊಟ ಕಾಲ ಬುಡಕ್ಕೆ ಬಂದು ಬೀಳುವ ವೈರಾಗ್ಯ ಭಾರಿ ಒಳ್ಳೆಯದಪ್ಪ. ನಾನೂ ಬರಲಾ?" ಎಂದರು ಗುರುಗಳು.

ಅವರ ಮಡಿಲ ಪಕ್ಕದಲ್ಲೂ ಅವರೆಕಾಯಿಯ ಬುಟ್ಟಿಯಿತ್ತು. ಚೆಲ್ಲಿಹೋಗಿದ್ದನ್ನೆಲ್ಲ ಬಳಿಸಿ ತರಿಸಿಕೊಂಡು ತಾವೇ ಸುಲಿಯುತ್ತಿದ್ದರು. ಚೆನ್ನವೀರನಿಗೆ ಅದನ್ನು ನೋಡಿ ಇನ್ನಷ್ಟು ಮುಜುಗರವಾಯಿತು. ಕೂತುಕೋ ಎಂದು ಕಣ್ಣಲ್ಲೇ ಹೇಳಿ ಗುರುಗಳು ಕೇಳಿದರು: "ಗಾಲ್ಫ್ ಆಟ ಗೊತ್ತೋ ನಿನಗೆ?"

ಚೆನ್ನವೀರ ತಬ್ಬಿಬ್ಬಾದ. ಗುರುಗಳ ಬಾಯಲ್ಲಿ ಆ ಮಾತು ಬರುತ್ತದೆಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ. "ದೊಡ್ಡವರು ಕೋಲು ಹಿಡಿದು ಆಡುತ್ತಾರಲ್ಲ, ಅದೇ?" ಎಂದ.

"ಅದೇ. ನನಗೆ ಹೇಗೆ ಗೊತ್ತು ಅಂತ ಮುಖ ನೋಡಬೇಡ. ಭಕ್ತರ ಮನೆಗೆ ಹೋದರೆ ಒಬ್ಬಟ್ಟಿನ ಜೊತೆ ಊರಿನ ಸುದ್ದಿಯನ್ನೂ ಬಡಿಸುತ್ತಾರೆ. ಎಲೆಗೆ ಬಿದ್ದದ್ದನ್ನು ಬಿಡಬಾರದು. ಕೇಳು."

ಗುರುಗಳು ಹೇಳತೊಡಗಿದರು.

ಬೆಟ್ಟದ ಮೇಲಿನ ಒಂದು ಊರಿನಲ್ಲಿ ಒಬ್ಬ ಜವಳಿ ವ್ಯಾಪಾರಿಯಿದ್ದ. ಅವನಿಗೆ ತಲೆಗೂದಲು ನರೆತ ಮೇಲೆ ಗಾಲ್ಫಿನ ಹುಚ್ಚು ಹತ್ತಿತು. ಆ ಹುಚ್ಚು ಹತ್ತಿಸಿದವರು ಅವನ ಬೀಗರು, ಅಂದರೆ ಮಗಳ ಮಾವ. ಅವರು ಅದೇ ಊರಿನ ಕಾಫಿಪುಡಿ ವ್ಯಾಪಾರಿ. ಆಟ ಬಲು ಸರಳ. ಒಂದು ಪುಟ್ಟ ಚೆಂಡು, ಒಂದು ಕೋಲು, ಹುಲ್ಲಿನ ನಡುವೆ ಒಂದು ಕುಳಿ. ಚೆಂಡನ್ನು ದೂರದಿಂದ ಬೀಸಿ ಹೊಡೆಯುವುದನ್ನು ತೋಳಿದ್ದವನು ಯಾರಾದರೂ ಕಲಿಯಬಹುದು. ಕುಳಿಯ ಹತ್ತಿರ ಬಂದ ಮೇಲೆ ಮೆಲ್ಲಗೆ ತಟ್ಟಿ ಉರುಳಿಸಿ ಒಳಗೆ ಬೀಳಿಸಬೇಕಲ್ಲ, ಅಲ್ಲಿ ಎಂಥವನಿಗೂ ಕೈ ನಡುಗುತ್ತದೆ. ಊರು ಸುತ್ತಿ ಬಂದವನು ಹೊಸಿಲಲ್ಲಿ ಎಡವಿದ ಹಾಗೆ.

ಬೀಗರಿಬ್ಬರೂ ಅನ್ಯೋನ್ಯವಾಗಿದ್ದರು. ಅಂದರೆ ದಿನಕ್ಕೊಮ್ಮೆಯಾದರೂ ಒಬ್ಬರನ್ನೊಬ್ಬರು ಹಂಗಿಸದಿದ್ದರೆ ಇಬ್ಬರಿಗೂ ತಿಂದದ್ದು ಅರಗುತ್ತಿರಲಿಲ್ಲ. ಬೀಗುವುದಕ್ಕೇ ಬೀಗರು ಅಂತ ಹೆಸರು ಬಂದಿರಬೇಕು.

ಚಳಿಗಾಲದ ಶುರುವಿಗೆ ವ್ಯಾಪಾರಿಯ ಮಗಳು ತವರಿಗೆ ಬಂದು ಹೆಣ್ಣು ಕೂಸನ್ನು ಹೆತ್ತಳು. ಎರಡೂ ಮನೆಗೆ ಅದು ಮೊದಲ ಮೊಮ್ಮಗು. ಇಬ್ಬರು ಅಜ್ಜಂದಿರೂ ಊರಿಗೆಲ್ಲ ಸಕ್ಕರೆ ಹಂಚಿದರು. ಆಮೇಲೆ ಹೆಸರಿನ ಮಾತು ಬಂತು, ಸಕ್ಕರೆ ಅಲ್ಲಿಗೆ ಮುಗಿಯಿತು.

ವ್ಯಾಪಾರಿಗೆ ತನ್ನ ತಾಯಿಯ ಹೆಸರಿಡಬೇಕೆಂಬ ಆಸೆ. ಅವಳು ಬಟ್ಟೆಯ ಗಂಟನ್ನು ತಲೆಯ ಮೇಲೆ ಹೊತ್ತು, ಬರಿಗಾಲಲ್ಲಿ ಹಟ್ಟಿ ಹಟ್ಟಿ ತಿರುಗಿ ಮಾರಿ ಅವನನ್ನು ಸಾಕಿದವಳು. ಅವಳು ಸತ್ತ ಮೇಲೆ ಅವಳ ಹೆಸರನ್ನು ಬಾಯಿ ತುಂಬ ಕರೆಯುವವರು ಯಾರೂ ಇರಲಿಲ್ಲ. ಆ ಹೆಸರು ಮತ್ತೆ ಮನೆಯಲ್ಲಿ ಓಡಾಡಬೇಕು, ಊಟಕ್ಕೆ ಬಾ ಎಂದು ಕರೆಸಿಕೊಳ್ಳಬೇಕು ಎಂದು ಅವನ ಜೀವ ಹಂಬಲಿಸುತ್ತಿತ್ತು. ಬೀಗರಿಗೋ, ತಮ್ಮ ತಾಯಿಯ ಹೆಸರೇ ಆಗಬೇಕು.

"ಹೆಸರಿಡೋ ಹಕ್ಕು ಗಂಡಿನ ಕಡೆಯವರದು ಕಣ್ರೀ" ಎಂದರು ಬೀಗರು.

"ಕೂಸು ಹುಟ್ಟಿರೋದು ನಮ್ಮನೇಲಿ. ತೊಟ್ಟಿಲು ನಮ್ಮದು, ತೊಟ್ಟಿಲ ಹಗ್ಗಾನೂ ನಮ್ಮದು" ಎಂದ ವ್ಯಾಪಾರಿ.

ಹೆಂಗಸರು ನಕ್ಕರು. ಅಳಿಯ ಎರಡೂ ಕಡೆಗೆ ತಲೆಯಾಡಿಸಿ ಬದುಕಿಕೊಂಡ. ಬಾಣಂತಿಯನ್ನು ಯಾರೂ ಕೇಳಲಿಲ್ಲ. ಕೊನೆಗೆ ಬೀಗರೇ ಒಂದು ಉಪಾಯ ತೆಗೆದರು. ಆಟ ಆಡಿಯೇ ತೀರ್ಮಾನವಾಗಲಿ, ಗೆದ್ದವರು ಹೇಳಿದ ಹೆಸರು. ವ್ಯಾಪಾರಿ ಹಿಂದುಮುಂದು ನೋಡದೆ ಹೂಂ ಅಂದುಬಿಟ್ಟ.

ಆದರೆ ಆಡುವುದೆಲ್ಲಿ? ಆ ಊರಿನಲ್ಲಿ ಚಳಿಗಾಲ ಬಂತೆಂದರೆ ಇಬ್ಬನಿ ಹುಲ್ಲಿನ ಮೇಲೆ ಬೆಳ್ಳಗೆ ಹೆಪ್ಪುಗಟ್ಟುತ್ತದೆ. ಅದನ್ನು ತುಳಿದರೆ ಹುಲ್ಲು ಕರಕಲಾಗುತ್ತದೆ. ಅದಕ್ಕೇ ಅವರು ಆಡುತ್ತಿದ್ದ ಮೈದಾನಕ್ಕೆ ಚಳಿ ಮುಗಿಯುವವರೆಗೂ ಬೀಗ ಹಾಕುತ್ತಿದ್ದರು. ಶಿವರಾತ್ರಿಗೆ ಚಳಿ ಶಿವ ಶಿವಾ ಎಂದು ಹೊರಟುಹೋಗುತ್ತದಲ್ಲ, ಅದು ಕಳೆದ ಮೇಲೆ ಆಟ, ಆಟ ಮುಗಿದ ಮೇಲೆ ನಾಮಕರಣ ಎಂದು ಗೊತ್ತಾಯಿತು. ಅಲ್ಲಿಯವರೆಗೂ ಕೂಸು ಬರೀ ಕೂಸಮ್ಮ.

ವ್ಯಾಪಾರಿ ಕೈಕಟ್ಟಿ ಕೂರುವ ಆಸಾಮಿಯಲ್ಲ. ಅವನ ಮನೆಯ ನಡುಮನೆ ಉದ್ದವಾಗಿತ್ತು. ಕೆಂಪು ಗಾರೆಯ ನೆಲ, ಅಜ್ಜನ ಕಾಲದ್ದು, ಕನ್ನಡಿಯಂಥ ನುಣುಪು. ಎದುರು ಗೋಡೆಯ ಬುಡದಲ್ಲಿ ಒಂದು ಹಿತ್ತಾಳೆಯ ಚೊಂಬನ್ನು ಅಡ್ಡ ಮಲಗಿಸಿದ. ತಲಬಾಗಿಲ ಹತ್ತಿರ ಪಂಚೆ ಎತ್ತಿಕಟ್ಟಿ ನಿಂತು ಚೆಂಡನ್ನು ತಟ್ಟಿದ. ಚೆಂಡು ಚೊಂಬಿನ ಕಡೆಗೆ ಹೊರಟಿತು, ಅರ್ಧ ದಾರಿಯಲ್ಲಿ ಮನಸ್ಸು ಬದಲಾಯಿಸಿ ಎಡಕ್ಕೆ ತಿರುಗಿ ಬಚ್ಚಲಿಗೆ ಹೋಯಿತು.

ಮತ್ತೆ ತಟ್ಟಿದ. ಮತ್ತೆ ಬಚ್ಚಲು.

"ಸ್ನಾನಕ್ಕೆ ನಿಮಗಿಂತ ಅದಕ್ಕೇ ಅವಸರ" ಎಂದಳು ಹೆಂಡತಿ.

ಅವನು ತನ್ನ ಕೈಯನ್ನು ಬೈದುಕೊಂಡ. ಕೋಲನ್ನು ಬೈದ. ಆದರೆ ಬಿಡಲಿಲ್ಲ. ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ, ಸಂಜೆ ದೀಪ ಹಚ್ಚಿದ ಮೇಲೆ, ಇದೇ ಕೆಲಸ. ಬರಬರುತ್ತ ಕೈಗೆ ಒಂದು ಹದ ಸಿಕ್ಕಿತು. ಚೊಂಬಿನ ಬಲಕ್ಕೆ ಅಕ್ಕಿಯ ಪೆಟ್ಟಿಗೆಯಿತ್ತು. ಆ ಪೆಟ್ಟಿಗೆಯ ಕಾಲಿಗೆ ಗುರಿಯಿಟ್ಟು ತಟ್ಟಿದರೆ ಚೆಂಡು ಅತ್ತ ಹೋದ ಹಾಗೆ ಮಾಡಿ, ಬಳುಕಿ ಬಂದು ಸೀದಾ ಚೊಂಬಿನ ಬಾಯಿಗೆ ಬೀಳುತ್ತಿತ್ತು. ಠಣ್!

ಆ ಠಣ್ ಎಂಬ ಸದ್ದು ಅವನಿಗೆ ಅಂಗಡಿಯ ಬೋಣಿಗಿಂತ ರುಚಿಯಾಯಿತು. ಹೀಗೇಕೆ ಬಳುಕುತ್ತದೆ ಎಂದು ಕೇಳಿಕೊಳ್ಳಲಿಲ್ಲ. ಕೈ ಕಲಿತುಕೊಂಡಿತು, ತಲೆಗೆ ತಿಳಿಸಲಿಲ್ಲ. ವಾರಕ್ಕೊಮ್ಮೆ ಹೆಂಡತಿ ನೆಲ ತೊಳೆಯುವಾಗ ಕೊಡಗಟ್ಟಲೆ ನೀರು ಹುಯ್ಯುತ್ತಿದ್ದಳು. ನೀರು ಅಕ್ಕಿಯ ಪೆಟ್ಟಿಗೆಯ ಕಡೆಯಿಂದ ಹರಿದು, ಅವನ ಕಾಲ ಮುಂದೆಯೇ ಹಾದು ಬಚ್ಚಲಿಗೆ ಹೋಗುತ್ತಿತ್ತು. ಅವನು ಪಂಚೆ ನೆನೆಯದ ಹಾಗೆ ಎತ್ತಿಹಿಡಿದು, ನೆಲ ಯಾವಾಗ ಆರುತ್ತದೋ ಎಂದು ಕಾಯುತ್ತ ನಿಲ್ಲುತ್ತಿದ್ದ.

ಚಳಿ ಇಳಿಯುವ ಹೊತ್ತಿಗೆ ಅವನ ಚೆಂಡು ತಪ್ಪುವುದನ್ನೇ ಮರೆತಿತ್ತು. ಅಂಗಡಿಗೆ ಬಂದ ಗಿರಾಕಿಗಳನ್ನು ಮನೆಗೆ ಕರೆತಂದು ತೋರಿಸಿದ. ಮಾತಾಡುತ್ತ ಹೊಡೆದ, ಹಾಡುತ್ತ ಹೊಡೆದ, ಕಣ್ಣು ಮುಚ್ಚಿಯೂ ಹೊಡೆದ. ಠಣ್, ಠಣ್, ಠಣ್.

ಪಕ್ಕದ ಕೋಣೆಯಲ್ಲಿದ್ದ ಕೂಸಿಗೆ ಈ ಸದ್ದೇ ಜೋಗುಳವಾಗಿಬಿಟ್ಟಿತು. ಠಣ್ ಎಂದರೆ ಕಣ್ಣು ಮುಚ್ಚುತ್ತಿತ್ತು, ಸದ್ದು ನಿಂತರೆ ಸೂರು ಹಾರುವ ಹಾಗೆ ಕಿರಿಚುತ್ತಿತ್ತು. ಅಜ್ಜ ಅಂಗಡಿಗೆ ಹೋದ ಮೇಲೆ ಏನು ಮಾಡಬೇಕು? ಬಾಣಂತಿಯೇ ಕಿವಿಗೆ ಬಟ್ಟೆ ಕಟ್ಟಿಕೊಂಡು ಎದ್ದು ಬಂದು, ಕೋಲು ಹಿಡಿದು, ಚೆಂಡು ಉರುಳಿಸಿ ಮಗಳನ್ನು ಮಲಗಿಸುತ್ತಿದ್ದಳು. ಕೂಸಿಗೆ ನಿದ್ದೆ ಬಂದರೆ ಅಷ್ಟೇ ಸಾಕಿತ್ತು ಅವಳಿಗೆ. ತಾನೂ ಚೆಂಡು ಉರುಳಿಸುವುದನ್ನು ಅಪ್ಪನಿಗೆ ಹೇಳಬೇಕೆಂದು ಅವಳಿಗೆ ತೋಚಲಿಲ್ಲ.

ಇಷ್ಟು ಹೇಳಿ ಗುರುಗಳು ಒಂದು ಹುಳುಕು ಕಾಯನ್ನು ಪಕ್ಕಕ್ಕೆ ಎಸೆದರು. ಚೆನ್ನವೀರನಿಗೆ ನಗು ತಡೆಯಲಾಗುತ್ತಿರಲಿಲ್ಲ. "ಬೀಗರು ಏನು ಮಾಡುತ್ತಿದ್ದರು ಬುದ್ಧಿ?" ಎಂದು ಕೇಳಿದ.

"ಏನೂ ಇಲ್ಲ ಅಂತ ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದರು. ಅಷ್ಟು ಸಲ ಹೇಳಿದ್ದಕ್ಕಾದರೂ ಅನುಮಾನ ಬರಬೇಕಿತ್ತು" ಎಂದು ಗುರುಗಳು ಮುಂದುವರಿಸಿದರು.

ಶಿವರಾತ್ರಿ ಕಳೆಯಿತು. ಮೈದಾನದ ಬೀಗ ತೆಗೆದರು. ಬಿಸಿಲು ಏರಿದ ಮೇಲೆ ಎರಡೂ ಮನೆಯವರು ಬುತ್ತಿ ಕಟ್ಟಿಕೊಂಡು ಹೋದರು. ಪುಳಿಯೋಗರೆ, ಮೊಸರನ್ನ, ಹುರಿದ ಅವಲಕ್ಕಿ. ಕೂಸಮ್ಮನಿಗೆ ಹೊಸ ಕುಲಾವಿ. ವ್ಯಾಪಾರಿ ತಾಯಿಯ ಫೋಟೋಕ್ಕೆ ಕೈಮುಗಿದು ಬಂದಿದ್ದ.

ಆಟ ಸಾಗಿತು. ಒಮ್ಮೆ ಇವನು ಮುಂದೆ, ಒಮ್ಮೆ ಅವರು ಮುಂದೆ. ಕೊನೆಗೆ ನೋಡಿದರೆ ಸಮ. ಹಾಗಾದರೆ ಕಡೆಯ ಕುಳಿಯ ಹತ್ತಿರ ಇಬ್ಬರಿಗೂ ಒಂದೊಂದೇ ಹೊಡೆತ, ಯಾರ ಚೆಂಡು ಬೀಳುತ್ತದೋ ಅವರದು ಹೆಸರು ಎಂದಾಯಿತು.

"ಎಷ್ಟು ದೂರದಿಂದ?" ಎಂದರು ಬೀಗರು.

"ನಮ್ಮ ನಡುಮನೆಯಷ್ಟು ದೂರದಿಂದ" ಎಂದ ವ್ಯಾಪಾರಿ, ಖುಷಿ ಮುಚ್ಚಿಟ್ಟುಕೊಳ್ಳಲಾಗದೆ.

"ಆಗಲಿ, ಆಗಲಿ. ನಮ್ಮನೆ ನಡುಮನೇನೂ ಅಷ್ಟೇ ಇದೆ" ಎಂದು ಬೀಗರು ಕೂಡಲೇ ಒಪ್ಪಿದರು.

ವ್ಯಾಪಾರಿ ಚೆಂಡಿನ ಮುಂದೆ ನಿಂತ. ಈ ದೂರ ಅವನ ಕೈಗೆ ಮನೆಯ ಹಾದಿಯಷ್ಟು ಪರಿಚಿತ. ಕುಳಿ ಕಂಡಿತು, ಅದು ಚೊಂಬು. ಅದರ ಬಲಕ್ಕೆ ಬರಿಯ ಹುಲ್ಲು, ಆದರೆ ಅವನಿಗೆ ಅಲ್ಲಿ ಅಕ್ಕಿಯ ಪೆಟ್ಟಿಗೆಯ ಕಾಲೇ ಕಂಡಿತು. ಅಮ್ಮಾ ಎಂದುಕೊಂಡು ತಟ್ಟಿದ. ಇಡೀ ಚಳಿಗಾಲದಲ್ಲಿ ಅಷ್ಟು ಚೆಂದದ ಹೊಡೆತ ಅವನ ಕೈಯಿಂದ ಬಂದಿರಲಿಲ್ಲ.

ಚೆಂಡು ಪೆಟ್ಟಿಗೆಯಿದ್ದ ಕಡೆಗೆ ಹೋಯಿತು. ಹೋಗುತ್ತಲೇ ಇತ್ತು. ಈಗ ಬಳುಕುತ್ತದೆ, ಇನ್ನೇನು ಬಳುಕುತ್ತದೆ ಎಂದು ಅವನು ಕಾದ. ಅದು ಬಳುಕಲಿಲ್ಲ. ಕುಳಿಯ ಬಲಕ್ಕೆ ಹೋಗಿ ಸುಮ್ಮನೆ ನಿಂತಿತು.

ತಾಯಿಯ ಹೆಸರು ಕೈಯಿಂದ ಜಾರಿಹೋಯಿತು ಎಂದು ಅವನು ಹುಲ್ಲಿನ ಮೇಲೆ ಕೂತುಬಿಟ್ಟ.

ಬೀಗರು ಮೀಸೆ ತಿರುವಿಕೊಂಡು ಬಂದರು. ಕೋಲು ಹಿಡಿದ ಬೆಡಗೇನು, ಕಣ್ಣು ಕಿರಿದು ಮಾಡಿ ನೋಡಿದ ಠೀವಿಯೇನು. ತಟ್ಟಿದರು. ಅವರ ಚೆಂಡು ಕುಳಿಯ ಎಡಕ್ಕೆ ಹೋಗಿ ನಿಂತಿತು. ಅವರೂ ಅದು ತಿರುಗುತ್ತದೆಂದು ಕತ್ತು ಓರೆ ಮಾಡಿಕೊಂಡು ಕಾದರು. ಅದೂ ತಿರುಗಲಿಲ್ಲ.

ಆಗ ಬಾಣಂತಿ ನಗಲು ಶುರುಮಾಡಿದಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು.

"ಏನೇ ಅದು?" ಎಂದಳು ತಾಯಿ.

"ಅಮ್ಮಾ, ಈ ಎರಡು ಮನೆ ನೆಲಾನೂ ತೊಳೆದವಳು ನಾನು. ನಮ್ಮನೇಲಿ ನೀರು ಎಡಕ್ಕೆ, ಬಚ್ಚಲ ಕಡೆ ಹೋಗುತ್ತೆ. ಮಾವನ ಮನೇಲಿ ಬಲಕ್ಕೆ, ಬೀದಿ ಬಾಗಿಲ ಕಡೆ ಹೋಗುತ್ತೆ. ನೀರು ಇಳಿಯಲಿ ಅಂತ ಗಾರೆಯವನು ನೆಲಕ್ಕೆ ವಾಟ ಕೊಟ್ಟಿರೋದೇ ಹಾಗೆ. ಅಪ್ಪ ನಮ್ಮನೆ ಬಚ್ಚಲನ್ನ ಜೊತೆಗೆ ತಂದ್ರು. ಮಾವ ಅವರ ಬೀದಿ ಬಾಗಿಲನ್ನ ತಂದ್ರು. ಈ ಬಯಲಲ್ಲಿ ಅವೆರಡೂ ಎಲ್ಲಿವೆ?"

ವ್ಯಾಪಾರಿ ಬೀಗರ ಮುಖ ನೋಡಿದ. ಬೀಗರು ಆಕಾಶ ನೋಡಿದರು. "ಹಾಗಾದ್ರೆ ನೀವೂ ಮನೇಲಿ..." ಎಂದ ವ್ಯಾಪಾರಿ. "ಚಳಿಗಾಲ ಬಹಳ ಉದ್ದ ಕಣ್ರೀ" ಎಂದರು ಬೀಗರು. ಅವರ ಹೆಂಡತಿ, "ನಮ್ಮನೆ ತಂಬಿಗೆ ನೆಗ್ಗಿ ಸೊಟ್ಟಗಾಗಿದೆ" ಎಂದು ಸೇರಿಸಿದರು. ಅಲ್ಲಿಗೆ ಎಲ್ಲರ ನಗುವಿಗೂ ಕಟ್ಟೆಯೊಡೆಯಿತು. ವ್ಯಾಪಾರಿ ಹುಲ್ಲಿನ ಮೇಲೆ ಕೂತಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕ. ಅಷ್ಟು ದುಃಖದಲ್ಲಿ ಅಷ್ಟು ನಗು ಎಲ್ಲಿಂದ ಬಂತೋ ಅವನಿಗೇ ತಿಳಿಯಲಿಲ್ಲ.

ಗಲಾಟೆಗೆ ಕೂಸು ಎದ್ದು ರಚ್ಚೆ ಹಿಡಿಯಿತು. ಮಗಳು ಅದನ್ನು ಅಪ್ಪನ ಮಡಿಲಿಗೆ ಹಾಕಿ, ಅವನ ಕೋಲನ್ನು ತೆಗೆದುಕೊಂಡಳು. "ಮಗು ನನ್ನದು. ಒಂದು ಹೊಡೆತ ನನಗೂ ಇರಲಿ" ಎಂದಳು. ಬೇಡವೆನ್ನುವ ಮುಖ ಇಬ್ಬರು ಅಜ್ಜಂದಿರಿಗೂ ಉಳಿದಿರಲಿಲ್ಲ.

ಅವಳು ಚಪ್ಪಲಿ ಕಳಚಿದಳು. ಚೆಂಡಿನಿಂದ ಕುಳಿಯವರೆಗೂ ಬರಿಗಾಲಲ್ಲಿ ನಡೆದಳು, ಹೊಸ ನೆಲಕ್ಕೆ ನೀರು ಹುಯ್ಯುವ ಮುಂಚೆ ಹೆಂಗಸರು ವಾಟ ತಿಳಿಯಲು ನಡೆದು ನೋಡುವ ಹಾಗೆ. ಹಿಂದಕ್ಕೆ ಬಂದು ತಟ್ಟಿದಳು. ಚೆಂಡು ಹೋಯಿತು. ಕುಳಿಯ ಅಂಚನ್ನು ಹಿಡಿದು ಒಂದು ಸುತ್ತು ತಿರುಗಿತು. ಬೀಳಲೋ ಬೇಡವೋ ಎಂದು ಎಲ್ಲರ ಉಸಿರನ್ನೂ ನಿಲ್ಲಿಸಿ, ಪುಳಕ್ಕನೆ ಒಳಗೆ ಬಿತ್ತು. ಠಣ್ ಎನ್ನಲಿಲ್ಲ. ಆದರೂ ಕೂಸು ಅಳು ನಿಲ್ಲಿಸಿತು.

"ಈಗ ಹೇಳಮ್ಮ, ಏನು ಹೆಸರು?" ಎಂದರು ಮಾವ. ಅವಳು ಕೂಸು ಹುಟ್ಟಿದ ದಿನವೇ ಮನಸ್ಸಿನಲ್ಲಿಟ್ಟುಕೊಂಡಿದ್ದಳು. ಕೇಳಿದವರು ಯಾರೂ ಇರಲಿಲ್ಲ, ಅಷ್ಟೇ.

"ಇಳಾ" ಎಂದಳು.

"ಹಾಗಂದರೆ?"

"ನೆಲ ಅಂತ ಮಾವ."

ಎರಡೂ ಮನೆಯ ಹೆಸರಲ್ಲ ಅದು. ವ್ಯಾಪಾರಿ ಮುಖ ಬಗ್ಗಿಸಿ ಕೂಸಿನ ಕುಲಾವಿ ಸರಿಮಾಡಿದ. ಮಡಿಲಲ್ಲಿದ್ದ ಕೂಸಿನ ಪಾದ ಕುಲಾವಿಯಷ್ಟೇ ಮೆತ್ತಗೆ ಅವನ ಅಂಗೈಗೆ ತಗುಲಿತು. ಅವನಿಗೆ ತಾಯಿಯ ಪಾದ ನೆನಪಾಯಿತು. ಬಿರುಕು ಬಿಟ್ಟ ಪಾದ. ತಲೆಯ ಮೇಲೆ ಗಂಟು ಹೊತ್ತವಳು ಬಗ್ಗಿ ನೋಡುವ ಹಾಗಿರಲಿಲ್ಲ, ಹಟ್ಟಿಯಿಂದ ಹಟ್ಟಿಗೆ ನೆಲವನ್ನು ಕಾಲಲ್ಲೇ ತಿಳಿದುಕೊಂಡು ನಡೆದವಳು.

"ನಮ್ಮಮ್ಮನ ಹೆಸರೇ ಇಟ್ಟ ಹಾಗಾಯ್ತಲ್ಲೇ" ಎಂದ ವ್ಯಾಪಾರಿ. ಮೊಮ್ಮಗಳ ಕಿವಿಯಲ್ಲಿ ಮೊದಲು ಆ ಹೆಸರು ಹೇಳಿದವನು ಅವನೇ. ಆಮೇಲೆ ಪುಳಿಯೋಗರೆಯ ಡಬ್ಬಿ ಬಿಚ್ಚಿದರು. ಅಳಿಯ ಈ ಸಲ ತಲೆಯಾಡಿಸುವ ಕೆಲಸವಿಲ್ಲದೆ ನೆಮ್ಮದಿಯಾಗಿ ಉಂಡ.

ಗುರುಗಳು ಕತೆ ನಿಲ್ಲಿಸಿದರು. ಚೆನ್ನವೀರ ಕಣ್ಣೊರೆಸಿಕೊಂಡು ನಗುತ್ತಿದ್ದ. ಬೆಳಿಗ್ಗೆ ಬುಟ್ಟಿ ಒದ್ದದ್ದು ಅವನಿಗೆ ಮರೆತೇಹೋಗಿತ್ತು. ನಗು ತಗ್ಗಿದ ಮೇಲೆ ಅವನಿಗೆ ಒಂದು ಅನುಮಾನ ಬಂತು.

"ಹಾಗಾದರೆ ಮನೆಯೊಳಗೆ ಮಾಡಿದ ಅಭ್ಯಾಸ ದಂಡವೇ ಬುದ್ಧಿ?"

"ಮಗಳೂ ಅದೇ ನಡುಮನೆಯಲ್ಲಿ ಕಲಿತವಳು" ಎಂದರು ಗುರುಗಳು.

ಚೆನ್ನವೀರ ಅದನ್ನು ಮೆಲುಕು ಹಾಕುತ್ತ ಕೂತ. ಅಂಗಳದಲ್ಲಿ ಉಳಿದ ಶಿಷ್ಯರು ಗಟ್ಟಿಯಾಗಿ ನಗುತ್ತ ಕಾಯಿ ಸುಲಿಯುತ್ತಿದ್ದರು. ಯಾರನ್ನೋ ಯಾರೋ ಹಂಗಿಸುತ್ತಿದ್ದರು. ಅವನ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಚಾಪೆ, ನೀರಿನ ಹೂಜಿ, ಸದ್ದಿಲ್ಲದ ನಾಲ್ಕು ಗೋಡೆ. ಅವನು ಆ ಕಡೆ ನೋಡಿದ್ದನ್ನು ಗುರುಗಳು ಕಂಡರು.

"ಬಾಗಿಲು ಹಾಕಿಕೊಳ್ಳುವುದಕ್ಕೆ ನನ್ನ ಅಡ್ಡಿಯಿಲ್ಲ ಮಗು" ಎಂದರು. "ಒಂದು ಮಾತು ಹೇಳಿ ಹೋಗು, ನಿನ್ನ ಕೋಣೆಯ ವಾಟ ಯಾವ ಕಡೆಗಿದೆ?"

ಚೆನ್ನವೀರ ಅವರೆಕಾಯಿಯ ಬುಟ್ಟಿಯನ್ನೆತ್ತಿಕೊಂಡು, ಹಂಗಿಸುತ್ತಿದ್ದವರ ನಡುವೆ ಕೂರಲು ಅಂಗಳಕ್ಕೆ ನಡೆದ.